ಕೆಮ್ಮಿ ಹೋಗುವ ಓಣಿ

ನಮ್ಮ ಓಣಿಯಲ್ಲಿ ಎದುರುಮನೆಗೆ ಹೋಗುವವರು ಕಟ್ಟೆ ಹತ್ತುವ ಮೊದಲು ಒಮ್ಮೆ ಕೆಮ್ಮುತ್ತಿದ್ದರು. ನೆಗಡಿ ಇದ್ದವರೂ ಕೆಮ್ಮುತ್ತಿದ್ದರು, ಇಲ್ಲದವರೂ ಕೆಮ್ಮುತ್ತಿದ್ದರು. ಹಾಲು ಹಾಕುವವನು ಕೆಮ್ಮುತ್ತಿದ್ದ, ನೂಲಿನ ಗಂಟು ತಂದವನು ಕೆಮ್ಮುತ್ತಿದ್ದ. ಮುಧೋಳದಿಂದ ನನ್ನ ತವರಿನವರು ಬಂದರೆ ನಾನೇ ಕಿವಿಯಲ್ಲಿ ಹೇಳುತ್ತಿದ್ದೆ, "ಅಲ್ಲಿ ಹೋಗೂ ಮುಂದ ಒಂದ ಸಲ ಕೆಮ್ಮರಿ" ಅಂತ. ಯಾರೂ ಕೂಡಿ ಠರಾವು ಮಾಡಿದ ರೂಢಿಯಲ್ಲ ಅದು. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಯಾಕೆಂದು ತಿಳಿದುಕೊಂಡರು, ಅಷ್ಟೇ.

ಎದುರುಮನೆಯಲ್ಲಿ ಇರುವವರು ಇಬ್ಬರು. ನಮ್ಮ ಮನೆಯವರು ಅಣ್ಣಾ ಎಂದು ಕರೆಯುವ ನೇಕಾರರು, ಮತ್ತು ಅವರ ಹೆಂಡತಿ. ರಕ್ತಸಂಬಂಧ ಏನೂ ಇಲ್ಲ. ಅವರು ಅಣ್ಣಾರು ಆದದ್ದಕ್ಕೆ ಆಕೆ ನನಗೆ ವೈನಿ, ಅಂದರೆ ಅತ್ತಿಗೆ, ಆದರು. ಒಬ್ಬಳೇ ಮಗಳನ್ನು ಇಲ್ಲೇ ನಮ್ಮ ರಬಕವಿಯ ಪಕ್ಕದ ಬನಹಟ್ಟಿಗೆ ಕೊಟ್ಟಿದ್ದಾರೆ, ಮನಸ್ಸು ಬಂದಾಗ ಮಧ್ಯಾಹ್ನದ ಊಟಕ್ಕೆ ಬಂದು ಹೋಗುತ್ತಾಳೆ.

ಓಣಿಯ ಉಳಿದ ಮನೆಗಳೆಲ್ಲ ಪಾವರ್‌ಲೂಮಿಗೆ ಹೊರಳಿದ ಮೇಲೂ ಅಣ್ಣಾರು ಕೈಮಗ್ಗ ಬಿಟ್ಟಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಂತು ಅವರು ನೇಯ್ದ ಸೀರೆಯ ದಡಿಯನ್ನು, ಅಂದರೆ ಅಂಚನ್ನು, ಜಮಖಂಡಿಯ ಅಂಗಡಿಯವರು ಬೆರಳಿನಿಂದ ಸವರಿಯೇ ಯಾರದೆಂದು ಹೇಳುತ್ತಿದ್ದರು. ಆಮೇಲೆ ಅವರ ಕೈಗೆ ನಡುಕ ಬಂತು. ಚಹಾದ ಬಸಿ ಸೈತ ನಿಲ್ಲದಂಥ ನಡುಕ. ಅದಾದ ಮೇಲೂ ಆ ಮನೆಯಿಂದ ಸೀರೆಗಳು ಬರುತ್ತಲೇ ಇದ್ದವು, ದಡಿ ಅಷ್ಟೇ ಚೊಕ್ಕ. ನೇಯುತ್ತಿದ್ದವರು ವೈನಿ.

ಹೊರಗೆ ಯಾರಾದರೂ ಕೆಮ್ಮಿದರೆ ಒಳಗೆ ಮಗ್ಗ ನಿಲ್ಲುತ್ತಿತ್ತು. ವೈನಿ ಕುಣಿಯಿಂದ ಎದ್ದು, ಅಣ್ಣಾರ ರಟ್ಟೆ ಹಿಡಿದು ಅಲ್ಲಿ ಕೂಡಿಸಿ, ತಾವು ಗೋಡೆಯ ಬದಿಗೆ ರಾಟಿಯ ಮುಂದೆ ಕುಂತುಬಿಡುತ್ತಿದ್ದರು. ಬಂದವರಿಗೆ ಕಾಣುವುದು ಇಷ್ಟು: ಮಗ್ಗದಲ್ಲಿ ಗಂಡ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಹೆಂಡತಿ. "ಏನ್ರಿ ಅಣ್ಣಾರ, ಕೆಲಸ ಜೋರ ನಡದೈತೆಲ್ಲ?" ಅಂದರೆ ಅವರು ನಡುಗುವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, "ನಡದೈತಿ ನೋಡಪಾ, ಶಿವ ನಡಿಸಿದಂಗ" ಎನ್ನುತ್ತಿದ್ದರು.

ನನಗೆ ಇದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿದಿತ್ತು. ಕರೆಂಟು ಹೋದಾಗ ನಮ್ಮೂರಿನ ಪಾವರ್‌ಲೂಮುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತವೆ. ಆಗ ಉಳಿಯುವುದು ಎದುರುಮನೆಯ ಮಗ್ಗದ ಸದ್ದು ಒಂದೇ. ಅಣ್ಣಾರು ಹೊಕ್ಕಿನ ಅಡ್ಡನೂಲನ್ನು ಒಂದೇ ಏಟಿಗೆ ಬಿಗಿ ಮಾಡುತ್ತಿದ್ದರು. ವೈನಿ ಎರಡು ಸಣ್ಣ ಏಟು ಹಾಕುತ್ತಾರೆ, ರೊಟ್ಟಿ ಬಡಿಯುವಾಗ ಕೊನೆಗೆ ತಟ್ಟುವ ಹಾಗೆ. ಒಂದು ದಿನ ಒಲೆಯ ಮೇಲೆ ಸಜ್ಜಕ ತಿರುವುತ್ತ ಕೂತಿದ್ದಾಗ ಆ ಎರಡೆರಡು ಏಟು ಕೇಳಿಸಿತು. ನಾನು ಯಾರಿಗೂ ಹೇಳಲಿಲ್ಲ. ಎಲ್ಲರಿಗೂ ಗೊತ್ತೇ ಇತ್ತು, ಹೇಳುವುದಕ್ಕೆ ಉಳಿದವರು ಯಾರೂ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ನಾನು ಕಲಿತದ್ದು ಸಿಸ್ಟರ್‌ಗಳ ಸಾಲಿಯಲ್ಲಿ. ಓಣಿಯಲ್ಲಿ ನನ್ನ ಗುರುತೇ ಅದು, "ಕಾನ್ವೆಂಟಿನಾಕಿ." ಹಂಗಿಸಲಿಕ್ಕೆ ಹಾಗೆನ್ನುತ್ತಿರಲಿಲ್ಲ. ಗ್ಯಾಸಿನವರ ಅರ್ಜಿ ಇರಲಿ, ಔಷಧದ ಚೀಟಿ ಇರಲಿ, "ಕಾನ್ವೆಂಟಿನಾಕೀ ಕಡೆ ಒಯ್ರಿ" ಎನ್ನುತ್ತಿದ್ದರು. ಹೀಗಾಗಿ ಮೈಸೂರು ಸೀಮೆಯ ಹುಡುಗಿಯೊಬ್ಬಳು ನೇಕಾರ ಹೆಂಗಸರ ಬಗ್ಗೆ ಪಿಎಚ್.ಡಿ. ಮಾಡುತ್ತೇನೆಂದು ಬಂದಾಗ ಓಣಿಯವರು ಆಕೆಯನ್ನು ನೆಟ್ಟಗೆ ನನ್ನ ಬಾಗಿಲಿಗೆ ತಂದು ನಿಲ್ಲಿಸಿದರು. ಹೊಸದಾಗಿ ಮದುವೆಯಾದಾಕೆ, ಕಿವಿಯಲ್ಲಿ ಸಣ್ಣ ಹರಳು, ಹೆಗಲಿಗೆ ದೊಡ್ಡ ಚೀಲ. ಚಪ್ಪಲಿಯನ್ನು ಜೋಡಿಸಿ ಗೋಡೆಯ ಕಡೆ ಮುಖ ಮಾಡಿ ಬಿಟ್ಟಳು. ಅದೊಂದು ಕಂಡು ನನಗೆ ಆಕೆ ಬಹಳ ಸೇರಿದಳು.

ಮೊದಲು ಪ್ರಶ್ನಾವಳಿ. ಮನೆ ಮನೆಗೆ ನಾನೂ ಜೋಡಿಯಾಗಿ ಹೋದೆ. ವೈನಿಯ ಮನೆಯ ಮುಂದೆ ನಾನು ಕೆಮ್ಮಿದೆ. ಒಳಗೆ ಹೋದಾಗ ಇಬ್ಬರೂ ಅವರವರ ಜಾಗದಲ್ಲಿದ್ದರು.

"ಯಜಮಾನರ ಹೆಸರು?" ಹುಡುಗಿ ಕೇಳಿದಳು.

ವೈನಿ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ ನಕ್ಕರು. "ತಂಗೀ, ನೀ ಹೇಳ ಬೇ."

ನಮ್ಮ ಓಣಿಯಲ್ಲಿ ಹಿರಿಯ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಬೇಕಾದ ಕಡೆ ಪಕ್ಕದಾಕೆ ಹೇಳಬೇಕು. ವೈನಿಯ ಪರವಾಗಿ ಹೇಳುವ ಹಕ್ಕು ಎಷ್ಟೋ ವರ್ಷಗಳಿಂದ ನನ್ನದು. ರೇಶನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ, ಮಗಳ ಮದುವೆಯ ಪತ್ರಿಕೆ ಬರೆಸುವಾಗ, ಎಲ್ಲ ಕಡೆ. ಹೇಳಿದೆ.

"ನೀವು ಏನು ಕೆಲಸ ಮಾಡ್ತೀರಿ ಅಮ್ಮಾ?"

"ನಂದೇನ್ರಿ, ಏನೂ ಇಲ್ಲ. ಮನ್ಯಾಗ ಇರ್ತೀನಿ." ಹೇಳುತ್ತಿರುವಾಗಲೂ ಅವರ ಬಲಗೈ ರಾಟಿ ತಿರುವುತ್ತಿತ್ತು, ಎಡಗೈ ಕಂಡಿಕೆಗೆ ನೂಲು ಬಿಡುತ್ತಿತ್ತು. ಹುಡುಗಿ "ಇಲ್ಲ" ಎಂದು ಗುರುತು ಹಾಕಿದಳು.

ಹೊರಗೆ ಬಂದ ಮೇಲೆ ನಾನು, "ಕೈ ನೋಡಿದ್ರೇನು?" ಅಂದೆ. ಹುಡುಗಿ ನಕ್ಕಳು. "ನೋಡಿದೆ ಅಕ್ಕಾ. ಆದ್ರೆ ಈ ಹಾಳೇಲಿ ಬಾಯಿ ಹೇಳಿದ್ದು ಮಾತ್ರ ಬರತ್ತೆ." ಅವತ್ತು ಆಕೆ ನನಗೆ ಅದರ ಲಾಭವನ್ನೂ ಬಿಡಿಸಿ ಹೇಳಿದಳು. ಎಲ್ಲರಿಗೂ ಒಂದೇ ಪ್ರಶ್ನೆ ಇದ್ದರೆ ಬಡವರು, ಶ್ರೀಮಂತರು ಎಂದು ಭೇದ ಆಗುವುದಿಲ್ಲ. ಇಡೀ ರಬಕವಿ-ಬನಹಟ್ಟಿಯ ಚಿತ್ರ ಒಮ್ಮೆಲೇ ಕಾಣುತ್ತದೆ. ಕೇಳಿದವಳ ಇಷ್ಟಾನಿಷ್ಟಕ್ಕೆ ಅಲ್ಲಿ ಜಾಗ ಕಡಿಮೆ. ಖರೆ ಅನ್ನಿಸಿತು. ಓಣಿಯವರೂ, "ಎಲ್ಲಾರ್ನೂ ಕೇಳ್ಯಾರಂದ್ರ ನಮ್ಮನ್ನೂ ಕೇಳ್ಲಿ ಬಿಡ" ಎಂದು ಹೆದರದೆ ಉತ್ತರ ಕೊಟ್ಟಿದ್ದರು. ಉತ್ತರ ಅಂದರೆ ಕೊಡಬೇಕಾದ ಉತ್ತರ. ಸಾಲಿಯಲ್ಲಿ ಸಿಸ್ಟರ್ ನಮಗೆ ಪೂರ್ಣ ವಾಕ್ಯದಲ್ಲಿ ಉತ್ತರ ಕೊಡಬೇಕೆಂದು ಕಲಿಸಿದ್ದರು. ನಮ್ಮ ಓಣಿಯಲ್ಲಿ ಅರ್ಧ ಉತ್ತರ ಬಾಯಲ್ಲಿ ಇರುತ್ತದೆ, ಇನ್ನರ್ಧ ಕೈಯಲ್ಲಿ.

ಆಮೇಲೆ ಗುಂಪು ಚರ್ಚೆ. ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿ ಹೆಂಗಸರನ್ನು ಕೂಡಿಸಿದೆವು. ಮನೆಯ ತೀರ್ಮಾನ ಯಾರು ತಗೊಳ್ತಾರೆ ಎಂದು ಹುಡುಗಿ ಕೇಳಿದಳು. ಓಣಿಗೆಲ್ಲ ಹಿರಿಯರಾದ ಆಯಿ, "ಗಂಡಸರರೀ! ಮತ್ಯಾರ ತಗೋತಾರ?" ಅಂದರು. ಉಳಿದವರೆಲ್ಲ, "ಹೂನ್ರಿ, ಹೂನ್ರಿ." ಹಾಗೆನ್ನುವಾಗ ಆಯಿಯ ಸೊಂಟದಲ್ಲಿ ತಿಜೋರಿಯ ಕೀಲಿ ಗೊಂಚಲು ಗಿಲಗಿಲ ಅನ್ನುತ್ತಿತ್ತು. ಅವರ ಸೊಸೆ ನನ್ನ ತೊಡೆ ಚಿವುಟಿ, "ಕೇಳಿದೇನ ಬೇ, ನಮ್ಮ ಮಾವ ತೀರ್ಮಾನ ತಗೋತಾರಂತ. ಪಾಪ, ಸ್ನಾನಕ್ಕ ಬಿಸಿನೀರ ಬೇಕಾದ್ರೂ ಕೇಳಿ ತಗೋತಾರ" ಎಂದು ಪಿಸುಗುಟ್ಟಿದಳು. ಗುಂಪಿನಲ್ಲಿ ಒಬ್ಬರ ಮಾತು ಇನ್ನೊಬ್ಬರ ನೆನಪನ್ನು ಎಬ್ಬಿಸುತ್ತದೆ, ನಗೆ ಹುಟ್ಟುತ್ತದೆ, ಅದೇನೋ ನಿಜ. ಹಾಗೇ ಹಿರಿಯಳ ಮಾತು ಎಲ್ಲರ ಮಾತಾಗುತ್ತದೆ.

ಒಬ್ಬೊಬ್ಬರನ್ನೇ ಕೂಡಿಸಿ ಕೇಳಿದರೆ? ಅದು ನಮ್ಮಲ್ಲಿ ಆಗುವ ಮಾತಲ್ಲ. ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗಿನವರ ಜೊತೆ ಒಬ್ಬಾಕಿ ಕುಂತರೆ ಸಂಜೆಯೊಳಗೆ ಹತ್ತು ಕತೆ ಹುಟ್ಟುತ್ತವೆ. ಕೊನೆಗೆ ಹುಡುಗಿ ಚೀಲವನ್ನು ನಮ್ಮ ಮನೆಯಲ್ಲೇ ಬಿಟ್ಟು, "ಅಕ್ಕಾ, ನಾನು ಏನೂ ಕೇಳಲ್ಲ, ಸುಮ್ನೆ ಜೊತೇಲಿ ಇರ್ತೀನಿ" ಅಂದಳು. ಅದಕ್ಕೂ ಅವರ ವಿದ್ಯೆಯಲ್ಲಿ ಒಂದು ಹೆಸರಿದೆ, ಸಹಭಾಗಿ ಅವಲೋಕನ. ನಮಗೆ ಅದು ಅತಿಥಿ ಬಂದು ಇದ್ದ ಹಾಗೆ. ಮೊದಮೊದಲು ಆಕೆಯ ತಾಟಿಗೆ ದಿನವೂ ಹೋಳಿಗೆ ಬೀಳುತ್ತಿತ್ತು, ಗಂಡಸರು ಮನೆಯೊಳಗೂ ಅಂಗಿ ಹಾಕಿಕೊಂಡೇ ತಿರುಗುತ್ತಿದ್ದರು. ನೋಡಲಿಕ್ಕೆ ಬಂದವರು ಇದ್ದಾರೆಂದರೆ ನೋಡುವ ಹಾಗೇ ಬದುಕುತ್ತೇವೆ. ದಿನ ಕಳೆದಂತೆ ಹೋಳಿಗೆ ಹೋಗಿ ಪುಂಡಿಪಲ್ಲೆ ಬಂತು, ಅಂಗಿಗಳು ಗೂಟಕ್ಕೆ ಏರಿದವು. ಆಕೆ ರೊಟ್ಟಿ ಬಡಿಯಲು ಕಲಿತಳು. ಅವಳ ರೊಟ್ಟಿ ನೋಡಿ ವೈನಿ, "ಇದೇನ ಮಗಳ, ಕರ್ನಾಟಕದ ನಕಾಶೆ ಮಾಡೀಯಲ್ಲ" ಎಂದು ನಗುತ್ತಿದ್ದರು.

ಒಂದು ದಿನ ಆಕೆ ನನ್ನನ್ನು ಕೇಳಿದಳು, "ಅಕ್ಕಾ, ಎದುರುಮನೆಗೆ ಹೋಗೋರು ಎಲ್ಲಾ ಯಾಕೆ ಕೆಮ್ತಾರೆ?"

"ಧೂಳ ಭಾಳ ಐತೆಲ್ಲ" ಅಂದೆ ನಾನು.

ಆಕೆ ಮತ್ತೆ ಕೇಳಲಿಲ್ಲ. ನೋಡುತ್ತ ಇದ್ದಳು.

ಶ್ರಾವಣದ ಒಂದು ಶುಕ್ರವಾರ ವೈನಿ ಆಕೆಗೆ ಉಡಿ ತುಂಬಿದರು. ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು. ಹುಡುಗಿ ದುಪಟ್ಟಾ ಚಾಚಿ ತುಂಬಿಸಿಕೊಂಡಳು, ಒಂದು ಕಾಳು ಕೆಳಗೆ ಬೀಳಲಿಲ್ಲ. ನಮ್ಮಲ್ಲಿ ಉಡಿ ತುಂಬಿದ ಮನೆ ತವರು, ತುಂಬಿಸಿಕೊಂಡಾಕೆ ಮಗಳು. ಮಗಳ ಮುಂದೆ ತಾಯಿ ಏನು ಬೇಕಾದರೂ ಮಾತಾಡಬಹುದು, ಅದು ಹೊಸ್ತಿಲು ದಾಟುವುದಿಲ್ಲ.

ಅವತ್ತೇ ಒಲೆಯ ಮುಂದೆ ವೈನಿ ಬಾಯಿ ಬಿಟ್ಟರು. ನಾನು ಹಿಟ್ಟು ನಾದುತ್ತಿದ್ದೆ, ಹುಡುಗಿ ಬದನೆಕಾಯಿ ಹೆಚ್ಚುತ್ತಿದ್ದಳು. ನೇಕಾರ ಸಮಾಜದವರು ಅಣ್ಣಾರನ್ನು ವೇದಿಕೆಗೆ ಕರೆದು, ಕೈಮಗ್ಗ ಉಳಿಸಿದ ಹಿರಿಯರೆಂದು ಶಾಲು ಹೊದಿಸಿದ್ದರು ಅದೇ ಹಿಂದಿನ ವಾರ. ಅದರ ಮಾತು ಬಂತು.

"ಅವರ ಕೈ ನಡಗಾಕ ಹತ್ತಿದಾಗಿಂದ ನಾನ ನೇಯ್ತೀನಿ ಮಗಳ" ಅಂದರು ವೈನಿ, ರೊಟ್ಟಿ ತಿರುವುತ್ತ. "ಶಾಲ ಅವರ ಹೆಗಲಿಗೆ, ನೋವ ನನ್ನ ಬೆನ್ನಿಗೆ. ಹೊದಿಸ್ಲಿ ಬಿಡ. ಶಾಲ ಇಲ್ಲಂದ್ರ ಅವರು ಸತ್ತ ಹೋಗ್ತಾರ, ನಾ ನೋವಿಂದ ಏನ ಸಾಯೂದುಲ್ಲ." ಹಾಗೆಂದು ನಕ್ಕರು, ಕಣ್ಣು ಒರೆಸಿಕೊಂಡರು, ಒಲೆಯ ಹೊಗೆಯನ್ನು ಬೈದರು. ನಾನು ನಾದುವುದು ನಿಲ್ಲಿಸಲಿಲ್ಲ. ಗೊತ್ತಿದ್ದ ಮಾತೇ ಆದರೂ ಅವರ ಬಾಯಿಂದ ಬಂದದ್ದು ಅದೇ ಮೊದಲು.

ಮುಂದೆ ಹುಡುಗಿ ಕೆಲಸ ಮುಗಿಸಿ ಊರಿಗೆ ಹೋದಳು. ನಾವಿಬ್ಬರೂ ಬಸ್ಸಿನ ತನಕ ಹೋಗಿ ಕಳಿಸಿ ಬಂದೆವು.

ವರ್ಷ ಕಳೆದ ಮೇಲೆ ಫೋನು ಬಂತು. ಜಮಖಂಡಿಯ ಒಂದು ಕಾಲೇಜಿನಲ್ಲಿ ವಿಚಾರ ಸಂಕಿರಣ, ತನ್ನ ಪ್ರಬಂಧ ಇದೆ, ಅಕ್ಕ ಬರಲೇಬೇಕು. ನಾನು ಎದುರುಮನೆಯ ಮಗ್ಗದ ಸೀರೆಯನ್ನೇ ಉಟ್ಟುಕೊಂಡು ಹೋದೆ, ಕೆಂಪು ದಡಿಯದು. ಕಾಲೇಜಿನ ಸಭಾಂಗಣದಲ್ಲಿ ಹುಡುಗಿ ಕೈ ಹಿಡಿದು ಎರಡನೆಯ ಸಾಲಿನಲ್ಲಿ ಕೂಡಿಸಿದಳು. ನಮ್ಮ ಓಣಿಯ ಬಿ.ಎ. ಓದುವ ಹುಡುಗಿಯೊಬ್ಬಳು ಮುಂದಿನ ಸಾಲಿನಲ್ಲಿ ಗೆಳತಿಯರ ಜೊತೆ ಕುಂತಿದ್ದಳು.

ಪ್ರಬಂಧ ಛಲೋ ಇತ್ತು. ಇದನ್ನು ನಾನು ಇವತ್ತಿಗೂ ಹೇಳುತ್ತೇನೆ. ಪ್ರಶ್ನಾವಳಿಯಲ್ಲಿ "ಕೆಲಸವಿಲ್ಲ" ಎಂದು ಬರೆಸಿದ ಹೆಂಗಸರ ಕೈಗಳು ದಿನವಿಡೀ ಏನು ಮಾಡುತ್ತವೆ ಅನ್ನುವುದನ್ನು ಆಕೆ ಒಂದೊಂದಾಗಿ ಬಿಡಿಸಿಟ್ಟಳು. ನಮ್ಮ ಹೆಂಗಸರ ಬಗ್ಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹೆಮ್ಮೆಯಿಂದ ಕುಂತಿದ್ದೆ. ಊರಿನ ಹೆಸರು ಬದಲಿಸಿದ್ದಳು, ಕೃಷ್ಣೆಯ ದಂಡೆಯ ಯಾವುದೋ ಊರು ಅಂತ. ಆಮೇಲೆ ಕೆಮ್ಮಿನ ಮಾತು ಬಂತು. ಕೆಮ್ಮಿ ಹೋಗುವ ಓಣಿ, ಮಗ್ಗದಿಂದ ಏಳುವ ಹೆಂಡತಿ, ಕೂಡುವ ಗಂಡ. ಸಭೆ ಉಸಿರು ಹಿಡಿದು ಕೇಳುತ್ತಿತ್ತು.

"ಈ ಗುಟ್ಟನ್ನು ನನಗೆ ಬಿಡಿಸಿ ಹೇಳಿದವರು ನೆರೆಮನೆಯ ಗೃಹಿಣಿ, ಕಾನ್ವೆಂಟಿನಲ್ಲಿ ಓದಿದವರು" ಎಂದು ಆಕೆ ಓದಿದಳು. "ಅವರ ಮಾತಿನಲ್ಲೇ ಹೇಳುವುದಾದರೆ, ಶಾಲು ಆತನ ಹೆಗಲಿಗೆ, ನೋವು ಆಕೆಯ ಬೆನ್ನಿಗೆ."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ನಮ್ಮ ಓಣಿಯ ಹುಡುಗಿ ಹೊರಳಿ ನನ್ನನ್ನು ನೋಡಿದಳು. ಮೊದಲು ಮುಖ, ಆಮೇಲೆ ಸೀರೆ.

ಒಂದು ಮಾತಿಗೆ ಬಾಯಿ ಬದಲಾದರೆ ಏನಾಗುತ್ತದೆ ಅನ್ನುವುದನ್ನು ನಾನು ಆ ಕುರ್ಚಿಯಲ್ಲಿ ಕಲಿತೆ. ವೈನಿಯ ಬಾಯಲ್ಲಿ ಅದು ಸಂಕಟ. ಅದರೊಳಗೆ ಗಂಡನ ಮೇಲಿನ ಮಮತೆಯೂ ಇತ್ತು, "ಹೊದಿಸ್ಲಿ ಬಿಡ" ಎಂಬುದೂ ಇತ್ತು. ನನ್ನ ಬಾಯಿಗೆ ಹಚ್ಚಿದ ಕೂಡಲೇ ಅದು ನೆರೆಯವಳ ಚಾಡಿ ಆಯಿತು.

ಚಹಾದ ಹೊತ್ತಿಗೆ ಆಕೆಯನ್ನು ಬದಿಗೆ ಕರೆದು ಕೇಳಿದೆ. ದನಿ ಏರಿಸಿ ಮಾತಾಡಲು ನನಗೆ ಬರುವುದಿಲ್ಲ. ಬಂದಿದ್ದರೆ ಛಲೋ ಇತ್ತು.

"ಅದು ನಾ ಹೇಳಿದ ಮಾತಲ್ಲಲ್ಲ?"

"ಅಲ್ಲ ಅಕ್ಕಾ, ಗೊತ್ತು. ಅಮ್ಮನೇ ಹೇಳಿದ್ರು ಅಂತ ಬರೆದ್ರೆ ಅವರಿಗೆ ತೊಂದ್ರೆ ಆಗಲ್ವಾ? ಅದಕ್ಕೇ ಅವರ ಮಾತನ್ನ ಬೇರೆ ಪಾತ್ರಕ್ಕೆ ಸೇರಿಸಿದೆ. ಮಾಹಿತಿ ಕೊಟ್ಟವರನ್ನ ಕಾಪಾಡೋಕೆ ಹಾಗೆ ಮಾಡೋದು ಪದ್ಧತಿ. ಎಲ್ರೂ ಮಾಡ್ತಾರೆ."

"ಓಣ್ಯಾಗ ಕಾನ್ವೆಂಟಿನಾಕಿ ನಾ ಒಬ್ಬಾಕಿನ ಅದೀನಿ."

ಆಕೆಯ ಮುಖ ಅರಳಿದ್ದು ಹಾಗೇ ನಿಂತಿತು. ಕೈಯಲ್ಲಿದ್ದ ಬಿಸ್ಕಿಟು ಚಹಾದಲ್ಲಿ ಮೆತ್ತಗಾಗಿ ಮುರಿದು ಬಿತ್ತು. "ನೀವು ಓದಿದವರು, ನಿಮಗೆ ಅರ್ಥ ಆಗತ್ತೆ ಅಂದ್ಕೊಂಡೆ" ಅಂದಳು. ಅಂದರೆ, ಪೆಟ್ಟು ಒಬ್ಬರಿಗೆ ಬೀಳಲೇಬೇಕು ಎಂದಾದರೆ ತಡೆದುಕೊಳ್ಳುವವಳನ್ನು ಆಕೆ ಮೊದಲೇ ಆರಿಸಿಟ್ಟಿದ್ದಳು.

ನಾನು ಬಸ್ಸಿಳಿದು ಓಣಿಗೆ ಬರುವಷ್ಟರಲ್ಲಿ ಆ ಓದು ಫೋನಿನಿಂದ ಫೋನಿಗೆ ಹರಿದಾಡಿತ್ತು. ಆಯಿಯ ಮನೆಯ ಕಟ್ಟೆಯ ಮೇಲೆ ಕುಂತಿದ್ದ ಹೆಂಗಸರು ನನ್ನನ್ನು ನೋಡಿ ಬಟಾಣಿ ಸುಲಿಯುವುದರಲ್ಲಿ ಮಗ್ನರಾದರು. ಆಯಿಯೊಬ್ಬರೇ ನೇರ ಮಾತಾಡಿದ್ದು.

"ಏನ ಬೇ ಕಾನ್ವೆಂಟಿನಾಕಿ, ಇಷ್ಟ ವರ್ಷ ನಮ್ಮೆಲ್ಲಾರ ಗಂಟಲ ಕೆಟ್ಟಿದ್ದು ಸುಮ್ಮಸುಮ್ಮನ ಆತೇನ?"

"ಆಯೀ, ನಾ ಹೇಳಿಲ್ರಿ."

"ಮತ್ತ ನಮ್ಮೊಳಗ ಕಾನ್ವೆಂಟ ಕಲ್ತಾಕಿ ಯಾರದಾಳ, ನಾ ಏನ?" ಅಂದರು. ಯಾರೋ ನಕ್ಕರು. ಆಯಿ ನಗಲಿಲ್ಲ.

ಕೆಟ್ಟದ್ದೆಂದರೆ ಆಮೇಲಿನದು. ಬಜಾರಿನ ಕಡೆ ಅಣ್ಣಾರು ಹೋದರೆ ಯಾರೋ ಅಂಗಡಿಯ ಮರೆಯಿಂದ ಕೆಮ್ಮತೊಡಗಿದರು. ಇಷ್ಟು ವರ್ಷ ಅವರ ಮಾನ ಕಾಯ್ದ ಕೆಮ್ಮು ಈಗ ಅವರನ್ನು ಬೆನ್ನಟ್ಟಿ ಹೊಡೆಯುತ್ತಿತ್ತು. ಅವರು ಹೊರಗೆ ಬರುವುದನ್ನು ಬಿಟ್ಟರು. ಶಾಲನ್ನು ಮಡಿಚಿ ಸಂದೂಕಿನ ತಳಕ್ಕೆ ಹಾಕಿದರೆಂದು ಬನಹಟ್ಟಿಯ ಮಗಳು ಯಾರಿಗೋ ಹೇಳಿ ಅತ್ತಳಂತೆ. ಕರೆಂಟು ಹೋದಾಗ ಓಣಿ ಪೂರಾ ಸುಮ್ಮನಿರುತ್ತಿತ್ತು. ಎದುರಿನ ಮಗ್ಗ ನಿಂತಿತ್ತು.

ನಾನು ತಡೆಯಲಾರದೆ ಹೋದೆ. ಕೆಮ್ಮಬೇಕೋ ಬೇಡವೋ ತಿಳಿಯದೆ ಬಾಗಿಲ ಮುಂದೆ ಸುಮ್ಮನೆ ನಿಂತೆ. ವೈನಿ ಹಿತ್ತಲಿಗೆ ಕರೆದೊಯ್ದರು, ನೀರಿನ ಹಂಡೆಯ ಮರೆಗೆ.

"ವೈನಿ, ಅದು ನಿಮ್ಮ ಮಾತು. ಒಲೀ ಮುಂದ ನೀವ ಹೇಳಿದ್ದು. ನಾ ಬಾಯಿ ಬಿಟ್ಟಿಲ್ಲ ಅನ್ನೂದು ನಿಮಗ ಗೊತ್ತೈತಿ."

"ಗೊತ್ತೈತಿ ಬೇ."

"ಮತ್ತ ಹೇಳ್ರಿ. ಆಯಿಗಾದ್ರೂ ಹೇಳ್ರಿ."

ವೈನಿ ಹಂಡೆಯ ಕಂಠಕ್ಕೆ ಅಂಟಿದ ಹುಣಸೆಹುಳಿಯನ್ನು ಉಗುರಿನಿಂದ ಕೆರೆಯತೊಡಗಿದರು. "ಏನಂತ ಹೇಳ್ಲಿ? ಗಂಡನ ಮರ್ಯಾದಿ ನಾನ ಕಳದೇನಿ ಅಂತ ಹೇಳ್ಲೇನು? ನೀ ಹೇಳಿದಿ ಅಂತ ಅವರು ನಂಬ್ಯಾರ. ನಿನ್ನ ಬೈಕೋತ ಆದ್ರೂ ನನ್ನ ಕೈಲೆ ಉಣ್ಣಾಕತ್ತಾರ. ನಾನ ಅಂತ ಗೊತ್ತಾದ್ರ ನನ್ನ ಕೈಲೆ ನೀರೂ ಕುಡಿಯೂದುಲ್ಲ."

"ಮತ್ತ ನಾನು?"

"ನಿನಗೇನ ತಂಗಿ, ನಿಮ್ಮ ಮನಿ ಬ್ಯಾರೆ, ಗಂಡ ಛಲೋ, ಕಲ್ತಾಕಿ. ನೀ ತಡಕೋತಿ."

ಹುಡುಗಿಯೂ ಅದನ್ನೇ ಹೇಳಿದ್ದಳು. ಒಬ್ಬಾಕಿ ಪುಸ್ತಕದ ಭಾಷೆಯಲ್ಲಿ, ಇನ್ನೊಬ್ಬಾಕಿ ಹಿತ್ತಲಿನ ಭಾಷೆಯಲ್ಲಿ. ಹುಡುಗಿಯ ಮೇಲೆ ನನಗೆ ಸಿಟ್ಟು ಬಂದಿತ್ತು. ವೈನಿಯ ಮೇಲೆ ಸಿಟ್ಟು ಬರಲಿಲ್ಲ. ಏನೋ ಒಂದು ಒಳಗೆ ಕೂತುಬಿಟ್ಟಿತು, ಅಷ್ಟೇ. ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ರೊಟ್ಟಿ ಬಡಿಯಲು ಕಲಿಸಿದವರು ಅವರು. ಬಾಣಂತನದಲ್ಲಿ ನನ್ನ ತಲೆಗೆ ನೀರು ಹಾಕಿದವರು. ಮನೆಗೆ ಬಂದು ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಸೀರೆಯ ಗಂಟು ಕಟ್ಟುತ್ತ ಕೇಳಿ, "ನಾ ಹೋಗಿ ಅಣ್ಣಾಗ ಖರೆ ಏನಂತ ಹೇಳ್ತೀನಿ ತಡಿ" ಎಂದು ಎದ್ದರು. ನಾನೇ ಅಂಗಿ ಹಿಡಿದು ಕೂಡಿಸಿದೆ.

ಸ್ವಲ್ಪ ದಿನಕ್ಕೆ ಹುಡುಗಿ ಫೋನು ಮಾಡಿದಳು. ಅತ್ತಳು. ಪ್ರಬಂಧ ಪುಸ್ತಕದಲ್ಲಿ ಅಚ್ಚಾಗುವುದಿದೆ, ಅದರಲ್ಲಿ ತಿದ್ದುತ್ತೇನೆ ಅಂದಳು. "ಆ ಮಾತು ನೆರೆಮನೆಯವರದ್ದಲ್ಲ, ನೇಯುವ ಹೆಂಗಸಿಂದೇ ಅಂತ ಸ್ಪಷ್ಟವಾಗಿ ಬರೀತೀನಿ ಅಕ್ಕಾ. ನಿಮ್ಮ ಹೆಸರಿಗೆ ಅಂಟಿದ್ದು ಹೋಗತ್ತೆ. ನೀವು ಹ್ಞೂಂ ಅಂದ್ರೆ ಸಾಕು."

ಹ್ಞೂಂ ಅನ್ನಲು ಎಷ್ಟು ಹೊತ್ತು ಬೇಕು? ಅಡುಗೆಮನೆಯ ಕಿಟಕಿಯಿಂದ ಎದುರಿನ ಬಾಗಿಲು ಕಾಣುತ್ತಿತ್ತು. ಹೊಸ್ತಿಲ ಒಳಗೆ ವೈನಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಂತಿದ್ದರು, ಪಕ್ಕದಲ್ಲಿ ಅಣ್ಣಾರು ಗೋಡೆಗೆ ಆತು, ಎರಡೂ ಕೈಯನ್ನು ಧೋತರದೊಳಗೆ ಮರೆಮಾಡಿಕೊಂಡು. ವೈನಿ ಏನೋ ಅಂದರು, ಅವರು ನಕ್ಕರು. ಅಷ್ಟು ದಿನಗಳ ಮೇಲೆ ಅವರು ನಕ್ಕಿದ್ದನ್ನು ನೋಡಿದೆ.

"ಪೂರಾ ತಗದಬಿಡು" ಅಂದೆ. "ಯಾರ ಮಾತೂ ಬ್ಯಾಡ. ಕೆಮ್ಮೂ ಬ್ಯಾಡ."

"ಅಕ್ಕಾ, ಅದೇ ಇಡೀ ಪ್ರಬಂಧದ ಜೀವ..."

"ಗೊತ್ತೈತಿ" ಅಂದೆ.

ತೆಗೆದಳೋ ಇಲ್ಲವೋ ನನಗೆ ತಿಳಿಯದು. ಪುಸ್ತಕ ನನ್ನ ತನಕ ಬರಲಿಲ್ಲ, ನಾನೂ ಕೇಳಲಿಲ್ಲ.

ಮೊನ್ನೆ ಮೊನ್ನೆ ಮತ್ತೊಂದು ಸಮೀಕ್ಷೆ ಬಂತು, ನೇಕಾರರದ್ದು. ಈ ಸಲ ಹಾಳೆ ಇಲ್ಲ, ಗಾಜಿನ ಹಲಗೆಯಂಥದ್ದನ್ನು ಹಿಡಿದು ಒಬ್ಬ ಮಧ್ಯವಯಸ್ಸಿನ ಗಂಡಸು ಮನೆ ಮನೆಗೆ ತಿರುಗುತ್ತಿದ್ದ. ಕರೆಂಟು ಹೋಗಿತ್ತು. ಕೆಲವು ವಾರಗಳಿಂದ ಎದುರುಮನೆಯ ಬಾಗಿಲನ್ನು ಮಧ್ಯಾಹ್ನ ಮುಂದಕ್ಕೆ ಎಳೆದಿರುತ್ತಿದ್ದರು, ಒಳಗಿನಿಂದ ಮಗ್ಗದ ಸದ್ದು ಮೆಲ್ಲಗೆ ಬರತೊಡಗಿತ್ತು. ಎರಡೆರಡು ಏಟು. ಅವತ್ತೂ ಬರುತ್ತಿತ್ತು.

ಆತ ನಮ್ಮ ಮನೆ ಮುಗಿಸಿ ಆ ಕಡೆ ಹೊರಟ. ಹೊಸಬ. ಅವನಿಗೆ ಯಾರು ಹೇಳಬೇಕು? ಓಣಿಯಲ್ಲಿ ಕೆಮ್ಮುವುದನ್ನು ಎಲ್ಲರೂ ಬಿಟ್ಟುಬಿಟ್ಟಿದ್ದರು. ಈಗ ಆ ಬಾಗಿಲ ಮುಂದೆ ಕೆಮ್ಮಿದರೆ ಅದು ಅಣಕವೇ ಆಗುತ್ತಿತ್ತು, ಅದರಲ್ಲೂ ನಾನು ಕೆಮ್ಮಿದರೆ. ಕಟ್ಟೆಯ ಮೇಲಿನ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಆತ ಮೆಟ್ಟಿಲಿಗೆ ಕಾಲಿಟ್ಟ.

ಕೆಮ್ಮಿದೆ. ಗಂಟಲು ಬಿಚ್ಚಿ, ಓಣಿಯ ತುದಿಗೆ ಕೇಳುವ ಹಾಗೆ.

ಮಗ್ಗ ನಿಂತಿತು. ಅಣಕವೆಂದು ತಿಳಿದರೋ, ಸೂಚನೆಯೆಂದು ತಿಳಿದರೋ ಎಂದು ನಾನು ಸೆರಗು ಬಿಗಿಹಿಡಿದು ನಿಂತೆ. ಬಾಗಿಲು ತೆರೆಯಿತು. ಅಣ್ಣಾರು ಕುಣಿಯಲ್ಲಿ ಕುಂತಿದ್ದರು, ಕೈ ತೊಡೆಯ ಕೆಳಗೆ. ವೈನಿಯ ಹಣೆಯ ಮೇಲೆ ಬೆವರು, ಕೈಯಲ್ಲಿ ಕಂಡಿಕೆ.

"ಮನೆ ಯಜಮಾನರ ಹೆಸರ ಹೇಳ್ರಿ."

ವೈನಿ ಆಯಿಯ ಕಡೆ ನೋಡಿದರು, ಆಯಿಯ ಸೊಸೆಯ ಕಡೆ ನೋಡಿದರು. ಆಮೇಲೆ ಓಣಿಯ ಈಚೆಗೆ, ನನ್ನ ಕಡೆ.

"ತಂಗೀ, ನೀ ಹೇಳ ಬೇ."

ನಾನು ಓಣಿ ದಾಟಿ ಹೋಗಿ ಹೇಳಿದೆ.

"ಮಗ್ಗ ನೇಯೂದು ಯಾರು?"

"ಅವರ ರೀ" ಅಂದರು ವೈನಿ. "ನಾ ಮನ್ಯಾಗ ಇರ್ತೀನಿ."

ಆತ ಬಹುಶಃ ಆ ಬೆವರನ್ನು ನೋಡಿರಬೇಕು. ನನ್ನ ಕಡೆ ಹೊರಳಿ, "ಖರೇನ್ರಿ ಅಕ್ಕಾರ? ನೀವು ಕಲ್ತಾರ ಕಾಣ್ತೀರಿ" ಅಂದ. ಅಣ್ಣಾರು ತಲೆ ಎತ್ತಲಿಲ್ಲ.

"ಖರೆ" ಅಂದೆ. "ಅಣ್ಣಾರ ನೇಯ್ತಾರ. ಅವರಂಥಾ ದಡಿ ಜಮಖಂಡಿ ತನಕ ಸಿಗೂದುಲ್ಲ."

ಆತ ಗಾಜನ್ನು ಎರಡು ಸಲ ಒತ್ತಿ ಮುಂದಿನ ಮನೆಗೆ ನಡೆದ. ಆಯಿ ಕಟ್ಟೆಯ ಮೇಲಿಂದ ನನ್ನನ್ನು ನೋಡಿ, ಸರಿದು, ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ ಮಾಡಿದರು.

ವೈನಿ ಹೊಸ್ತಿಲ ತನಕ ಬಂದರು. ಏನೋ ಹೇಳುವವರ ಹಾಗೆ ತುಟಿ ತೆರೆದರು. ಒಳಗೆ ಅಣ್ಣಾರು ಇದ್ದರು.

"ಚಾ ಕುಡದ ಹೋಗ ತಂಗಿ" ಅಂದರು.

"ಒಲೀ ಮ್ಯಾಲೆ ಹಾಲ ಇಟ್ಟೇನಿ ವೈನಿ" ಎಂದು ತಿರುಗಿ ಬಂದೆ.

ಹಾಲು ಇಟ್ಟಿರಲಿಲ್ಲ.